ಜಾನ್ ಬಾಸಿಲೋನ್ ಬರಹಮಾಲೆ ಮುಗಿಯಿತು, ನೆರವಾದವರಿಗೆಲ್ಲ ನಮಸ್ಕಾರ

ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಅಮೆರಿಕದ ಮೆರೀನ್ (ನೌಕಾ ಪದಾತಿದಳ) ಸಾರ್ಜೆಂಟ್ ಜಾನ್ ಬಾಸಿಲೋನ್ ಕುರಿತ ನಮ್ಮ ಬರಹಮಾಲೆಯ ಕೊನೆಯ ಕಂತು ಈ ವಾರ ಹೊರಬಂತು. ಓದಿದವರಿಗೆ, ತಿದ್ದಿದವರಿಗೆ, ಬಿಡದೆ ಪ್ರಶ್ನೆ ಕೇಳಿದವರಿಗೆ ಮನಸಾರೆ ಕೃತಜ್ಞತೆಗಳು.

ಮೊದಲ ನಮಸ್ಕಾರ, ನೀರಿನಿಂದ ತಣಿಯುವ ಹಳೆಯ ಮಷಿನ್‌ಗನ್ನಿನ ಒಳಗುಟ್ಟು ಬಿಡಿಸಿ ಹೇಳಿದ ನಿವೃತ್ತ ಯೋಧರಿಗೆ. 1942ರ ಅಕ್ಟೋಬರ್ 24ರ ರಾತ್ರಿ, ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಹೆಂಡರ್ಸನ್ ವಿಮಾನನೆಲೆಯನ್ನು ಕಾಯುತ್ತಿದ್ದ ಮೆರೀನ್ ಅಧಿಕಾರಿ ಚೆಸ್ಟಿ ಪುಲ್ಲರ್ ಅವರ ಬೆಟಾಲಿಯನ್ ಮೇಲೆ ಜಪಾನಿ ಸೈನಿಕರು ಅಲೆಅಲೆಯಾಗಿ ನುಗ್ಗಿದರು. ಬಾಸಿಲೋನ್ ಅವರ ಕೈಕೆಳಗಿದ್ದದ್ದು ಭಾರಿ ಮಷಿನ್‌ಗನ್ನುಗಳ ಎರಡು ಸೆಕ್ಷನ್, ಅಂದರೆ ಎರಡು ಸಣ್ಣ ತಂಡ. ಒಂದರಲ್ಲಿ ಕೈಲಾಗುವವರು ಇಬ್ಬರೇ ಉಳಿದಾಗ ಅವರು ಇನ್ನೊಂದು ಗನ್ ತಂದು ನಿಲ್ಲಿಸಿದರು, ಕೆಟ್ಟಿದ್ದ ಮತ್ತೊಂದನ್ನು ಗುಂಡಿನ ಮಳೆಯ ನಡುವೆಯೇ ರಿಪೇರಿ ಮಾಡಿ ತಾವೇ ಹೊಡೆಯಲು ಕೂತರು.

ಆ ರಾತ್ರಿಯ ಸಾಹಸಕ್ಕೆ ಬಂದ ಮೆಡಲ್ ಆಫ್ ಆನರ್, ಅಂದರೆ ಅಮೆರಿಕದ ಅತ್ಯುನ್ನತ ಶೌರ್ಯಪದಕದ ಪ್ರಶಸ್ತಿಪತ್ರದಲ್ಲಿ ಆ ರಿಪೇರಿಗೆ ಸಿಕ್ಕಿರುವುದು ಎರಡು ಮೂರು ಪದ ಮಾತ್ರ. ನಮ್ಮ ಮಟ್ಟಿಗೆ ಇಡೀ ಬದುಕಿನ ತಿರುಳೇ ಅದು. ಅವರ ಕೈಲಿದ್ದ ಬ್ರೌನಿಂಗ್ ಎಂ1917ಎ1 ಗನ್ನಿನ ತೂಕ ನೀರಿಲ್ಲದೆ ಸುಮಾರು 15 ಕೆಜಿ, ಅದರ ಮುಕ್ಕಾಲಿ ಸುಮಾರು 24 ಕೆಜಿ. ನಳಿಗೆಯ ಸುತ್ತ ಇರುವ ಜಾಕೆಟ್ಟಿಗೆ ಸುಮಾರು 3.3 ಲೀಟರ್ ನೀರು ಬೇಕು. ಬಿಡದೆ ಹೊಡೆದರೆ ಆ ನೀರು ಕುದಿಯುತ್ತದೆ. ಆವಿಯನ್ನು ರಬ್ಬರ್ ಪೈಪಿನಲ್ಲಿ ಡಬ್ಬಿಗಿಳಿಸಿ ತಣಿಸಿ, ಅದೇ ನೀರನ್ನು ಮತ್ತೆ ತುಂಬಬೇಕು. ಪೈಪ್ ಕಳಚಿದರೆ ನೀರೂ ಖಾಲಿ, ಏಳುವ ಆವಿಯಿಂದ ಗನ್ ಇರುವ ಜಾಗವೂ ಶತ್ರುವಿಗೆ ಗೊತ್ತಾಗುತ್ತದೆ.

ಇದಕ್ಕಿಂತ ನಾಜೂಕಿನದು ಹೆಡ್‌ಸ್ಪೇಸ್, ಅಂದರೆ ಬೋಲ್ಟಿಗೂ (ನಳಿಗೆಯ ಹಿಂಬದಿಯನ್ನು ಮುಚ್ಚುವ ಭಾಗ) ನಳಿಗೆಗೂ ನಡುವಿನ ಅಳತೆ. ನಳಿಗೆಯನ್ನು ಒಂದೊಂದೇ ಹಲ್ಲು ತಿರುಗಿಸಿ ಇದನ್ನು ಹೊಂದಿಸಬೇಕು. ಬಿಗಿಯಾದರೆ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ. ಸಡಿಲಾದರೆ ಕಾಡತೂಸಿನ ಹಿತ್ತಾಳೆ ಕೋಶ ಒಳಗೇ ಹರಿದು, ಹಿಂದಿನ ತುಂಡು ಹೊರಬಂದು ಮುಂದಿನದು ಸಿಕ್ಕಿಕೊಳ್ಳುತ್ತದೆ. ಮುಂದಿನ ಕಾಡತೂಸು ಹೋಗಿ ಅದಕ್ಕೇ ನಾಟುತ್ತದೆ. ಅದನ್ನು ಕೀಳಲು ಬೇರೆಯೇ ಉಪಕರಣ ಬೇಕು. ಇಂಥ ಗನ್ನನ್ನು ಕತ್ತಲಲ್ಲಿ, ಕೆಸರುಗೈಯಲ್ಲಿ ನಂಬಿ ಬಿಚ್ಚಬೇಕಾದರೆ ಪ್ರತಿ ಭಾಗವೂ ಬೆರಳಿಗೇ ಗೊತ್ತಿರಬೇಕು.

ಬಾಸಿಲೋನ್ ಜೀವ ಪಣಕ್ಕಿಟ್ಟು ಗುಂಡು ತರಲು ಏಕೆ ಹೋದರು ಎಂದು ಕೇಳಿದ ಓದುಗರಿಗೂ ಧನ್ಯವಾದ. ಲೆಕ್ಕ ಸರಳ: ಒಂದು ಬೆಲ್ಟಿಗೆ 250 ಕಾಡತೂಸು, ನಿಮಿಷಕ್ಕೆ 450ರ ವೇಗದಲ್ಲಿ ಅದು ಅರ್ಧ ನಿಮಿಷಕ್ಕೆ ಸ್ವಲ್ಪ ಹೆಚ್ಚು ಬಾಳುತ್ತದೆ. ಸರಬರಾಜಿನ ದಾರಿ ಕಡಿದುಹೋಗಿತ್ತು. ಶತ್ರುಗಳ ನಡುವೆಯೇ ಹೋರಾಡುತ್ತ ಅವರು ಗುಂಡು ತಂದುಕೊಟ್ಟರು.

ಮೆಡಲ್ ಆಫ್ ಆನರ್ ಬಂದ ಮೇಲೆ ಅವರನ್ನು ಊರೂರು ತಿರುಗಿಸಿ ಯುದ್ಧಬಾಂಡ್ (ಯುದ್ಧದ ಖರ್ಚಿಗೆ ಸರ್ಕಾರ ಜನರಿಂದ ಪಡೆಯುವ ಸಾಲದ ಪತ್ರ) ಮಾರಿಸಿದರು. ಅಧಿಕಾರಿ ಹುದ್ದೆ ಕೊಡುತ್ತೇವೆಂದರೂ ಒಲ್ಲೆ ಎಂದು ಮತ್ತೆ ಯುದ್ಧಕ್ಕೇ ಮರಳಿದರು. 1945ರ ಫೆಬ್ರವರಿ 19ರಂದು ಜಪಾನಿನ ಐವೊ ಜಿಮಾ ದ್ವೀಪದಲ್ಲಿ ಇಳಿದ ಮೊದಲ ದಿನವೇ ಒಂದು ಕಾಂಕ್ರೀಟ್ ಕೋಟೆಮನೆಯನ್ನು ಒಡೆದು, ನೆಲಬಾಂಬುಗಳ ನಡುವೆ ಸಿಕ್ಕಿಕೊಂಡ ಟ್ಯಾಂಕಿಗೆ ದಾರಿ ತೋರಿಸಿ, ವಿಮಾನನೆಲೆಯ ಅಂಚಿನಲ್ಲಿ ಪ್ರಾಣಬಿಟ್ಟರು. ವಯಸ್ಸು 28. ಮರಣೋತ್ತರವಾಗಿ ನೇವಿ ಕ್ರಾಸ್ ಎಂಬ ಶೌರ್ಯಪದಕ ಬಂತು. ಎರಡನೇ ಮಹಾಯುದ್ಧದಲ್ಲಿ ಈ ಎರಡೂ ಪದಕ ಪಡೆದ, ಅಧಿಕಾರಿಯಲ್ಲದ ಮೆರೀನ್ ಇವರೊಬ್ಬರೇ.

ಬಾಸಿಲೋನ್ ಅವರ ಹೆಂಡತಿ ಲೀನಾ ಅವರ ಬಗ್ಗೆ ಬರೆಯಿರಿ ಎಂದು ಒತ್ತಾಯಿಸಿದವರ ಋಣ ದೊಡ್ಡದು. ಲೀನಾ ಸ್ವತಃ ಮೆರೀನ್ ಸಾರ್ಜೆಂಟ್. ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್ಟನ್ ಸೇನಾನೆಲೆಯಲ್ಲಿ ಅಡುಗೆ ಕೆಲಸ. 1944ರ ಜುಲೈನಲ್ಲಿ ಮದುವೆ, ಏಳು ತಿಂಗಳಲ್ಲಿ ವೈಧವ್ಯ. 1999ರಲ್ಲಿ ತೀರಿಕೊಳ್ಳುವವರೆಗೂ ಮರುಮದುವೆಯಾಗಲಿಲ್ಲ. ಆ ಕಂತನ್ನು ನಾವು ಯೋಜಿಸಿಯೇ ಇರಲಿಲ್ಲ. ಅತಿ ಹೆಚ್ಚು ಪತ್ರ ಬಂದದ್ದು ಅದಕ್ಕೇ.

ಕೊನೆಯದಾಗಿ, ಬಾಸಿಲೋನ್ ಬೆಳೆದ ನ್ಯೂಜೆರ್ಸಿಯ ರ‍್ಯಾರಿಟನ್ ಊರಿನ ಜನರಿಗೆ ವಂದನೆ. 1981ರಿಂದ ಅವರ ಹೆಸರಿನಲ್ಲಿ ಮೆರವಣಿಗೆ ನಡೆಸಿಕೊಂಡು ಬಂದಿರುವ ಆ ಪುಟ್ಟ ಊರು ಅವರ ನೆನಪನ್ನು ಕಾಪಾಡಿಕೊಂಡಿದ್ದರಿಂದಲೇ ನಮ್ಮ ಕೆಲಸ ಸುಲಭವಾಯಿತು.