ಆ ಹಳದಿ ಹೊದಿಕೆಯನ್ನು ಕಿತ್ತು ಹಾಕಬೇಡಿ

ಮಾನ್ಯ ಸಂಪಾದಕರೇ,

ಫ್ರೆಂಚ್ ಸಾಹಿತ್ಯದ ಅಪರೂಪದ ಮೊದಲ ಮುದ್ರಣಗಳ ಬಗ್ಗೆ ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ನಮ್ಮ ಭಾಷೆಯಲ್ಲಿ ಇಂಥ ವಿಷಯ ಬರುವುದೇ ಕಡಿಮೆ, ಸಂತೋಷವಾಯಿತು. ಆದರೆ ಅದರಲ್ಲಿದ್ದ ಒಂದು ಸಲಹೆ ನನ್ನ ನಿದ್ದೆ ಕೆಡಿಸಿದೆ. ಹರಿದ ಕಾಗದದ ಹೊದಿಕೆ ತೆಗೆಸಿ, ಅಂಚು ಸಮ ಮಾಡಿಸಿ, ಚರ್ಮದ ಬೈಂಡ್ ಹಾಕಿಸಿದರೆ ಪುಸ್ತಕದ ಬೆಲೆ ಏರುತ್ತದೆ ಎಂದು ಬರೆದಿದ್ದೀರಿ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ನಾನು ಮಾಡಿ ಕಳೆದುಕೊಂಡವಳು.

ಪ್ಯಾರಿಸ್ಸಿಗೆ ಬಂದ ಹೊಸದರಲ್ಲಿ, ಸೇನ್ ನದಿಯ ದಂಡೆಯಲ್ಲಿ ಹಸಿರು ಪೆಟ್ಟಿಗೆಗಳಿಟ್ಟು ಹಳೆ ಪುಸ್ತಕ ಮಾರುವವರೊಬ್ಬರ ಬಳಿ ಎಮಿಲ್ ಜೋಲಾ ಅವರ 'ಜೆರ್ಮಿನಾಲ್' ಸಿಕ್ಕಿತು. 1885ರ ಶಾರ್ಪಾಂತಿಯೆ ಪ್ರಕಟಣೆ. ಹಳದಿ ಕಾಗದದ ಹೊದಿಕೆ, ಬೆನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಕೊನೆಯ ಕೆಲವು ಹಾಳೆಗಳ ಮಡಿಕೆಯನ್ನು ಯಾರೂ ಬಿಡಿಸಿರಲೇ ಇಲ್ಲ. ಮೊದಲು ಕೊಂಡವರು ಕಥೆ ಮುಗಿಸದೆ ಕೆಳಗಿಟ್ಟಿದ್ದರು! ಪಾಪದ ಪುಸ್ತಕಕ್ಕೆ ಒಳ್ಳೆಯ ಅಂಗಿ ತೊಡಿಸೋಣ ಎಂದು ಬೈಂಡರ್ ಒಬ್ಬರಿಗೆ ಕೊಟ್ಟೆ. ತಿಂಗಳ ಮೇಲೆ ಕೈಗೆ ಬಂದದ್ದು ಕೆಂಪು ಚರ್ಮ, ಚಿನ್ನದ ಅಕ್ಷರ, ನುಣ್ಣಗೆ ಕತ್ತರಿಸಿದ ಅಂಚು. ಹೊದಿಕೆ ಎಲ್ಲಿ ಎಂದು ಕೇಳಿದರೆ, 'ಅದು ಹರಿದಿತ್ತಲ್ಲ, ಎಸೆದೆ' ಎಂದರು. ಆಮೇಲೆ ಹಳೆ ಪುಸ್ತಕ ಬಲ್ಲವರೊಬ್ಬರಿಗೆ ತೋರಿಸಿದೆ. ತೆರೆದು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, 'ರೊನ್ಯೆ' ಎಂದು ಮೇಜಿನ ಮೇಲಿಟ್ಟರು. ಕತ್ತರಿಸಿದ್ದಾರೆ ಎಂದರ್ಥ. ಮತ್ತೆ ಮುಟ್ಟಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಕಾದಂಬರಿ, ಕವಿತೆಗಳು ಸಾಮಾನ್ಯವಾಗಿ ತೆಳು ಕಾಗದದ ಹೊದಿಕೆಯಲ್ಲೇ ಅಂಗಡಿಗೆ ಬರುತ್ತಿದ್ದವು. ಕೊಂಡವರು ಮಡಿಕೆಯಲ್ಲಿ ಕೂಡಿಕೊಂಡೇ ಇರುತ್ತಿದ್ದ ಹಾಳೆಗಳನ್ನು ಕಾಗದ ಸೀಳುವ ಚಾಕುವಿನಿಂದ ಬಿಡಿಸಿ ಓದಿ, ಬೇಕೆನಿಸಿದರೆ ತಮ್ಮ ಖರ್ಚಿನಲ್ಲಿ ಬೈಂಡ್ ಹಾಕಿಸುತ್ತಿದ್ದರು. ಹಾಗಾಗಿ ಪುಸ್ತಕ ಹುಟ್ಟಿದಾಗ ಹೇಗಿತ್ತು ಎಂದು ಹೇಳುವುದು ಆ ಹೊದಿಕೆಯೇ. 'ಹತ್ತನೆಯ ಸಾವಿರ' ಎಂಬಂಥ ಮರುಮುದ್ರಣದ ಗುರುತನ್ನು ಎಷ್ಟೋ ಸಲ ಅದರ ಮೇಲೆ ಅಚ್ಚು ಹಾಕುತ್ತಿದ್ದರು. ಹೊದಿಕೆ ಹೋದರೆ ಸಾಕ್ಷಿಯೇ ಹೋಯಿತು.

ಅಂಚಿನ ಮಾತೂ ಅಷ್ಟೇ. ಲಂಕೇಶರ 'ಪಾಪದ ಹೂಗಳು' ಮೂಲಕ ನಮಗೆ ಹತ್ತಿರವಾದ ಫ್ರೆಂಚ್ ಕವಿ ಬೋದಿಲೇರನ ಆ ಕವನ ಸಂಕಲನ 1857ರಲ್ಲಿ ಪ್ರಕಟವಾಯಿತು. ಮೊದಲ ಮುದ್ರಣದ 31 ಮತ್ತು 108ನೇ ಪುಟಗಳ ನೆತ್ತಿಯಲ್ಲಿ ಶೀರ್ಷಿಕೆಯ 'ಫ್ಲರ್' (ಹೂಗಳು) ಪದದಿಂದ ಒಂದು ಅಕ್ಷರ ಬಿದ್ದುಹೋಗಿದೆ. ಅದೇ ವರ್ಷ ಆಗಸ್ಟ್ 20ರಂದು ನ್ಯಾಯಾಲಯ ಆರು ಕವಿತೆಗಳನ್ನು ನಿಷೇಧಿಸಿದ ಮೇಲೆ ಮಾರಾಟವಾಗದೆ ಉಳಿದ ಪ್ರತಿಗಳಿಂದ ಆ ಕವಿತೆಗಳಿದ್ದ ಹಾಳೆಗಳನ್ನು ಕತ್ತರಿಸಿ ತೆಗೆದರು. ಅದಕ್ಕೂ ಮುಂಚೆ ಮಾರಾಟವಾದ ಪ್ರತಿಗಳಲ್ಲಿ ಆರೂ ಕವಿತೆಗಳಿವೆ. ಸಂಗ್ರಾಹಕರು ಹುಡುಕುವುದು ಇಂಥ ಸಣ್ಣ ಸಣ್ಣ ಗುರುತುಗಳನ್ನೇ. ಬೈಂಡರನ ಕತ್ತಿ ಪುಟದ ನೆತ್ತಿಗೆ ಬಿದ್ದರೆ ಇನ್ನೇನು ಹುಡುಕುವುದು?

ಒಳ್ಳೆಯ ಬೈಂಡಿಂಗಿಗೆ ನಾನು ವಿರೋಧಿಯಲ್ಲ. ವಸ್ತ್ರವಿನ್ಯಾಸಕ ಜಾಕ್ ದೂಸೆ ತನ್ನ ಪುಸ್ತಕಗಳಿಗೆ ಪಿಯೇರ್ ಲೆಗ್ರಾಂ ಕೈಯಲ್ಲಿ ವಿನ್ಯಾಸ ಮಾಡಿಸಿದ ಬೈಂಡುಗಳು ಸ್ವತಃ ಕಲಾಕೃತಿಗಳು. ಪ್ಯಾರಿಸ್ ವಿಶ್ವವಿದ್ಯಾಲಯಕ್ಕೆ ದೂಸೆ ಬಿಟ್ಟುಹೋದ ಸಂಗ್ರಹ ಇಂದಿಗೂ ಅವನ ಹೆಸರಿನ ಗ್ರಂಥಾಲಯವಾಗಿ ಉಳಿದಿದೆ. ಆದರೆ ಪಳಗಿದ ಬೈಂಡರ್ ಹಳೆಯ ಹೊದಿಕೆಯ ಎರಡು ಬದಿಗಳನ್ನೂ ಬೆನ್ನಿನ ಪಟ್ಟಿಯನ್ನೂ ಚರ್ಮದ ರಟ್ಟಿನ ಒಳಗೆ ಸೇರಿಸಿ ಹೊಲಿಯುತ್ತಾರೆ, ಅಂಚನ್ನು ಮುಟ್ಟುವುದಿಲ್ಲ. ಕ್ಯಾಟಲಾಗಿನಲ್ಲಿ 'ಹೊದಿಕೆ ಮತ್ತು ಬೆನ್ನು ಉಳಿಸಿದೆ' ಎಂಬ ಸಾಲನ್ನು ನಾನೀಗ ಬೆಲೆಗಿಂತ ಮೊದಲು ನೋಡುತ್ತೇನೆ.

ಕೈಬರಹದ ಪತ್ರಗಳ ಬಗ್ಗೆಯೂ ಒಂದು ಮಾತು. ಲೇಖನದ ಜೊತೆಗಿದ್ದ ಚಿತ್ರದಲ್ಲಿ ಪತ್ರವೊಂದಕ್ಕೆ ಫ್ರೇಮ್ ಹಾಕಿ ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದ್ದರು. ಬೆಳಕಿಗೆ ಶಾಯಿ ಮಾಸುತ್ತದೆ. ಮೇಲಾಗಿ ಮಡಿಕೆ, ಅರಗಿನ ಗುರುತು, ಹಿಂಬದಿಯ ವಿಳಾಸ, ಅಂಚೆ ಮುದ್ರೆ ಎಲ್ಲವೂ ಫ್ರೇಮಿನ ಹಿಂದೆ ಮುಚ್ಚಿಹೋಗುತ್ತವೆ. ಪತ್ರ ನಿಜವೋ ಸುಳ್ಳೋ ಎಂದು ತಿಳಿಯಲು ಬೇಕಾಗುವುದೇ ಅವು. ಮಿಶೆಲ್ ಶಾಲ್ ಎಂಬ ದೊಡ್ಡ ಗಣಿತಜ್ಞರಿಗೇ ವ್ರೇನ್ ಲುಕಾ ಎಂಬವನು 27 ಸಾವಿರಕ್ಕೂ ಹೆಚ್ಚು ನಕಲಿ ಪತ್ರಗಳನ್ನು ಮಾರಿದ್ದ. ಕ್ಲಿಯೋಪಾತ್ರಳ ಪತ್ರವೂ ಇತ್ತು, ಅದೂ ಫ್ರೆಂಚಿನಲ್ಲಿ! 1870ರಲ್ಲಿ ಅವನಿಗೆ ಎರಡು ವರ್ಷ ಜೈಲಾಯಿತು. ಇನ್ನೊಂದು ವಿಷಯ: ಹರಾಜಿನಲ್ಲಿ ಪತ್ರ ಕೊಂಡ ಮಾತ್ರಕ್ಕೆ ಅದನ್ನು ಪ್ರಕಟಿಸುವ ಹಕ್ಕು ಸಿಗುವುದಿಲ್ಲ. ಫ್ರಾನ್ಸಿನ ಕಾನೂನಿನಲ್ಲಿ ಕಾಗದದ ಒಡೆತನ ಬೇರೆ, ಬರಹದ ಹಕ್ಕು ಬೇರೆ.

ಬೆನ್ನು ಸೀಳಿದ ಪುಸ್ತಕವಿದ್ದರೆ ಅಳತೆಗೆ ಸರಿಯಾದ ರಟ್ಟಿನ ಪೆಟ್ಟಿಗೆ ಮಾಡಿಸಿ ಅದರಲ್ಲಿಡಿ, ಸಾಕು. ಮುಂದಿನ ಸಂಚಿಕೆಯಲ್ಲೇ ಈ ತಿದ್ದುಪಡಿ ಹಾಕಬೇಕೆಂದು ಕೋರುತ್ತೇನೆ. ನಿಮ್ಮ ಲೇಖನ ಓದಿ ಯಾರಾದರೂ ಆಗಲೇ ಬೈಂಡರ್ ಕೈಗೆ ಪುಸ್ತಕ ಕೊಟ್ಟಿದ್ದರೆ, ಇವತ್ತೇ ಫೋನ್ ಮಾಡಿ ಕೆಲಸ ನಿಲ್ಲಿಸಲಿ.

ಇಂತಿ,
ನಿಮ್ಮ ಓದುಗಳೊಬ್ಬಳು, ಪ್ಯಾರಿಸ್