ಬೆಕ್ಕುಗಳಿಗೆ ವಿಷವಲ್ಲ, ಸಂತಾನಹರಣ ಚಿಕಿತ್ಸೆ ಬೇಕು

ಮಾನ್ಯರೇ,

ನಮ್ಮ ಮನೆಯಲ್ಲಿ ಮುಧೋಳ ನಾಯಿ ಇದೆ. ಹಿತ್ತಲಲ್ಲಿ ಕರಿಬೇವು, ದುಂಡುಮಲ್ಲಿಗೆ, ಒಂದು ಮಡಿ ಕೊತ್ತಂಬರಿ. ಬೀದಿಯ ಬೆಕ್ಕುಗಳು ಕಾಂಪೌಂಡ್ ಹಾರಿ ಬಂದು, ಹೊಸದಾಗಿ ಬಿತ್ತಿದ ಸಡಿಲ ಮಣ್ಣನ್ನೇ ಕೆದರಿ ಗಲೀಜು ಮಾಡುತ್ತವೆ. ಕಳೆದ ವಾರ ನಾಯಿ ಅಟ್ಟಿಸಿಕೊಂಡು ಹೋಗಿ ಮೂಗು ಪರಚಿಸಿಕೊಂಡು ಬಂತು. ಬೆಕ್ಕು ಉಳಿಯಿತು. ಮುಧೋಳದ ಓಟ ಬಲ್ಲ ನನಗೆ, ಮುಂದಿನ ಸಲವೂ ಉಳಿದೀತೆಂಬ ನಂಬಿಕೆಯಿಲ್ಲ.

ನೆರೆಯವರೊಬ್ಬರು ‘ಅನ್ನಕ್ಕೆ ಇಲಿ ಪಾಷಾಣ ಕಲಸಿಡಿ’ ಎಂದರು. ಕೇಳಿಯೇ ಸಂಕಟವಾಯಿತು. ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೇಲಾಗಿ, ಆ ಅನ್ನಕ್ಕೆ ಮೊದಲು ಬಾಯಿ ಹಾಕುವುದು ನನ್ನ ನಾಯಿಯೇ ಆಗಬಹುದು.

ಈಗ ಮಡಿಯ ಮೇಲೆ ಕೋಳಿಗೂಡಿನ ತಂತಿಜಾಲರಿ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದ್ದೇನೆ. ಸಸಿಗಳು ಅದರ ಕಣ್ಣುಗಳಿಂದಲೇ ತಲೆ ಎತ್ತಿವೆ. ನಾಯಿಯನ್ನು ಹಿತ್ತಲಿಗೆ ಬಿಡುವ ಮುಂಚೆ ತಟ್ಟೆ ಬಡಿಯುತ್ತೇನೆ, ಬೆಕ್ಕುಗಳಿಗೆ ಓಡಲು ಸಮಯ ಸಿಗುತ್ತದೆ.

ಆದರೆ ಬೆಕ್ಕು ಗರ್ಭ ಧರಿಸಿದ ಒಂಬತ್ತೇ ವಾರಕ್ಕೆ ಮರಿ ಹಾಕುತ್ತದೆ. ಜಾಲರಿ ಅದಕ್ಕೆ ಉತ್ತರವಲ್ಲ. ಬೀದಿನಾಯಿಗಳಿಗೆ ಮಾಡಿಸುವಂತೆ ಬೆಕ್ಕುಗಳಿಗೂ ವಾರ್ಡ್‌ವಾರು ಸಂತಾನಹರಣ ಚಿಕಿತ್ಸೆಯನ್ನು ಪಾಲಿಕೆ ಮಾಡಿಸಬೇಕು. ದಿನವೂ ಹಾಲು-ಅನ್ನ ಇಡುವ ತಾಯಂದಿರ ಕೈಗೆ ಈ ಬೆಕ್ಕುಗಳು ಸಿಗುತ್ತವೆ. ಹಿಡಿಯಲು ಅವರ ನೆರವು ಕೇಳಲಿ. ನಮ್ಮ ಬೀದಿಯಿಂದ ಪಶು ಆಸ್ಪತ್ರೆಗೆ ಒಯ್ಯುವ ಆಟೊ ಬಾಡಿಗೆ ನಾನು ಕೊಡುತ್ತೇನೆ.

– ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು