ನಾಯಕರ ಕಾಲದಲ್ಲಿ ನಮಗೆ ಸಿಗಬಹುದಾಗಿದ್ದ ಜಾಗ

ಚಿತ್ರದುರ್ಗ,
ಭಾನುವಾರ ರಾತ್ರಿ

ಪ್ರಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಬೆಂಗಳೂರಿನ ಆಫೀಸು, ಟ್ರಾಫಿಕ್ಕು, ಮಲಗುವ ಹೊತ್ತಿನಲ್ಲೂ ಬಡಿದುಕೊಳ್ಳುವ ಮೊಬೈಲು ಎಲ್ಲವೂ ಸಾಕಾಗಿ, ಕಣ್ಣು ಮುಚ್ಚಿದರೆ ಮದಕರಿನಾಯಕನ ದುರ್ಗಕ್ಕೆ ಹೋಗಿಬಿಡುತ್ತೇನೆಂದು ಬರೆದಿದ್ದೀಯ. ನಿನ್ನನ್ನು ಕಂಡು ನಗುವ ಅಧಿಕಾರ ನನಗಿಲ್ಲ, ಏಕೆಂದರೆ ಕೋಟೆಯ ಬುಡದಲ್ಲೇ ಮನೆ ಮಾಡಿಕೊಂಡಿರುವ ನಾನೂ ಅದೇ ಚಟದವನು.

ಇಂದು ಬೆಳಿಗ್ಗೆಯೂ ಹೋಗಿದ್ದೆ. ಗೋಪಾಲಸ್ವಾಮಿ ಹೊಂಡದ ಪಕ್ಕ ಕುಳಿತು ಮೊಬೈಲನ್ನು ಜೇಬಿಗಿಳಿಸಿದ ಕೂಡಲೇ ಮನಸ್ಸು ದೂರದ ಗುಡ್ಡಗಳ ಗಾಳಿಯಂತ್ರಗಳನ್ನು ಅಳಿಸಿಹಾಕಿ, ಬತೇರಿಗಳ ಮೇಲೆ ಕಾವಲುಗಾರರನ್ನು ನಿಲ್ಲಿಸಿ, ನಗಾರಿ ಬಾರಿಸತೊಡಗುತ್ತದೆ. ಆದರೆ ಇವತ್ತು ಒಂದು ಸಂಗತಿ ಹೊಳೆದು ನಾಚಿಕೆಯಾಯಿತು: ಇಷ್ಟು ವರ್ಷಗಳ ನನ್ನ ಹಗಲುಗನಸಿನಲ್ಲಿ ನಾನು ಒಮ್ಮೆಯೂ ಮದ್ದು ಅರೆಯುವ ಆ ಭಾರಿ ಬೀಸುಕಲ್ಲುಗಳ ಬಳಿ ಬೆವರಿದವನಲ್ಲ, ಗೋಡೆಗೆ ಕಲ್ಲು ಹೊತ್ತವನಲ್ಲ, ಯಾವಾಗಲೂ ನಾಯಕನ ಮಗ್ಗುಲಲ್ಲೇ ನಿಂತಿರುತ್ತೇನೆ. (ಅಲ್ಲಿ ನನಗೆ ಮಂಡಿನೋವೂ ಇರುವುದಿಲ್ಲ.)

ನಮ್ಮೂರ ಕತೆಯಲ್ಲಿ ಓಬವ್ವ ಕಿಂಡಿಯ ಬಳಿಗೆ ಹೋದದ್ದು ಯುದ್ಧ ಮಾಡಲೆಂದಲ್ಲ, ಊಟಕ್ಕೆ ಕುಳಿತ ಗಂಡನಿಗೆ ಕುಡಿಯುವ ನೀರು ತರಲೆಂದು. ಇದನ್ನು ಅಮ್ಮನಿಗೆ ಹೇಳಿದಾಗ ಆಕೆ ಅಕ್ಕಿ ಆರಿಸುತ್ತಲೇ, 'ನಿನ್ನ ಕನಸಿನ ಕೋಟೆಯಲ್ಲಿ ನೀರು ಹೊರುವವರು ಯಾರಪ್ಪಾ?' ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ನಾವು ಹೋಗಿ ಇಳಿಯುವ ಆ ಕಾಲವಾದರೂ ಎಂಥದ್ದು? 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, ಮದಕರಿ ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಹೋದ. ದುರ್ಗದ ಸುಮಾರು 20,000 ಬೇಡರನ್ನೂ ಅಲ್ಲಿಗೇ ಸಾಗಿಸಿ, ಅವರ ಹುಡುಗರನ್ನು ಸೆರೆಸಿಕ್ಕವರಿಂದಲೇ ಕಟ್ಟಿದ ಚೇಲಾ ಪಡೆಗಳಿಗೆ ಸೇರಿಸಿದರೆಂದು ಬ್ರಿಟಿಷರು ಬರೆದ ಮೈಸೂರಿನ ಚರಿತ್ರೆಗಳು ಹೇಳುತ್ತವೆ. ನೀನೂ ನಾನೂ ಆಗ ಇದ್ದಿದ್ದರೆ ಬಹುಶಃ ಆ ಸಾಲಿನಲ್ಲೇ ನಡೆಯುತ್ತಿದ್ದೆವು, ತಿರುತಿರುಗಿ ಈ ಬೆಟ್ಟವನ್ನು ನೋಡುತ್ತ.

ಹೀಗೆಂದು ನಿನ್ನ ಕನಸನ್ನು ಬಿಡು ಎನ್ನುವುದಿಲ್ಲ; ನಾನೇ ಬಿಡಲಾರೆ. ಆಫೀಸಿನವರು ರಜೆ ಕೊಟ್ಟರೆ ಮುಂದಿನ ತಿಂಗಳು ಬಾ, ಇಲ್ಲಿಂದ ದಾವಣಗೆರೆಗೂ ಹೋಗಿ ಬೆಣ್ಣೆದೋಸೆ ತಿಂದು ಬರೋಣ. ಚಿಕ್ಕವರಿದ್ದಾಗ ಒನಕೆ ಕಿಂಡಿಯಲ್ಲಿ ಹೈದರನ ಸೈನಿಕರಾಗಿ ತೂರುತ್ತಿದ್ದೆವಲ್ಲ, ಈಗ ನನಗೆ ಹೊಟ್ಟೆ ಅಡ್ಡ ಬರುತ್ತದೆ. ನಿನ್ನದನ್ನು ನೋಡೋಣ.

ನಿನ್ನವನೇ,
ದುರ್ಗದ ಗೆಳೆಯ